ಹೊಗೆಯ ಪಾರಿಸಪ್ಪ

ಖಾನಾಪುರದ ಗುಡ್ಡದ ನೆತ್ತಿಯಲ್ಲಿ ವಿಮಾನ ಇಳಿಯುವ ಹುಲ್ಲುಬಯಲನ್ನು ಕಾಯುವ ಪಾರಿಸಪ್ಪನ ಕಣ್ಣು ಸದಾ ಮೋಡದಲ್ಲಿ. ಬೆಳಗಾವಿಯ ರವಿವಾರ ಪೇಟೆಗೆ ಬೆಲ್ಲ ಕೊಳ್ಳಲು ಹೋದರೂ ರುಮಾಲಿನ ಚುಂಗು ಎತ್ತಿ ಹಿಡಿದು, ಗಾಳಿ ಯಾವ ಕಡೆಯದೆಂದು ನೋಡಿಯೇ ಅಂಗಡಿ ಹತ್ತುವನು. ವರ್ಷಕ್ಕೆರಡು ಸಲ ಬರುವ ಜೋಡಿ ರೆಕ್ಕೆಯ ಪುಟ್ಟ ವಿಮಾನದ ಸದ್ದು ಕೇಳಿದೊಡನೆ, ಗಾಳಿಯ ದಿಕ್ಕು ತೋರಿಸಲು ಅವನು ಹಸಿಹುಲ್ಲಿನ ಹೊಗೆ ಹಾಕಬೇಕು. ಆದರೆ ಜೈನರವನು, ಹುಳ ಸಾಯಬಾರದೆಂದು ಹುಲ್ಲನ್ನು ಎಳೆಎಳೆಯಾಗಿ ಕೊಡವುತ್ತ, “ತಡೀರಿ ಸಾಹೇಬ್ರ, ಮೊದಲ ಇರುವಿ ಇಳೀಲಿ, ಆಮ್ಯಾಲ ನೀವು ಇಳೀರಿ” ಎಂದು ಮುಗಿಲಿಗೆ ಹೇಳುವನು. ವಿಮಾನ ಹದ್ದಿನಂತೆ ಸುತ್ತುತ್ತ ಕಾಯುವುದು. ಒಮ್ಮೆ ವಿಮಾನದ ಸಾಹೇಬನೇ, ಹಾರೋಣ ಬಾ ಎಂದು ಕರೆದ. ದಿನವೂ ಕನಸಿನಲ್ಲಿ ಹಾರುವ ಪಾರಿಸಪ್ಪ ರೆಕ್ಕೆಯ ಮೇಲೆ ಒಂದು ಕಾಲಿಟ್ಟವನು, ಮೆಲ್ಲಗೆ ಹಿಂದಕ್ಕೆ ತೆಗೆದ. “ನಾನೂ ಮ್ಯಾಲ ಬಂದ್ರ, ನಿಮ್ಮನ್ನ ಇಳಿಸ್ಕೊಳ್ಳಾಕ ಹೊಗಿ ಹಾಕಾವ್ರು ಯಾರ್ರೀ?”