ದೊಡ್ಡವ್ವ ಎಸೆದ ಬೂಟು

ಗೆಳೆಯರೇ, ಈ ಸಂಜೆ ನಮ್ಮ ಓಣಿಯಲ್ಲಿ ಮನೆಮಂದಿಗೆಲ್ಲ ಬೂಟು ಎಸೆಯುವ ಸ್ಪರ್ಧೆ ಇತ್ತು. ಮಿಲಿಟರಿಯಲ್ಲಿದ್ದ ಸಿದ್ದಣ್ಣ ತಮ್ಮ ಹಳೆಯ ಬೂಟು ಕೊಟ್ಟು, ತೀರ್ಪು ಹೇಳಲೂ ತಾವೇ ನಿಂತಿದ್ದರು.

ನಮ್ಮ ದೊಡ್ಡಪ್ಪ ಎಸೆದದ್ದು ಎಲ್ಲರಿಗಿಂತ ದೂರ, ಬೇವಿನ ಮರದವರೆಗೆ ಹೋಯಿತು. ಆಮೇಲೆ ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ರೊಟ್ಟಿ ಬಡಿಯೋ ಕೈ ಬೂಟು ಒಗದೀತೇನು?" ಎಂದು ದೊಡ್ಡಪ್ಪ ನಕ್ಕರು.

"ಮರ ದಾಟಿಸಿದ್ರ ಇವತ್ತು ರೊಟ್ಟಿ ನೀವು ಬಡೀಬೇಕು ನೋಡ್ರಿ."

"ಆತು, ಬಡೀತೀನಿ."

ದೊಡ್ಡವ್ವ ಬೂಟಿನ ದಾರ ಹಿಡಿದು, ಉಜ್ಜಿನಿಯ ತವರಿನ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುತ್ತಿದ್ದ ಹಾಗೆ ತಲೆಯ ಮೇಲೆ ಗರಗರ ತಿರುಗಿಸಿ, "ಹೋ" ಎಂದು ಕೂಗಿ ಬಿಟ್ಟಳು. ಬೂಟು ಮರ ದಾಟಿ ನಮ್ಮದೇ ಮನೆಯ ತಗಡಿನ ಮೇಲೆ ಬಿತ್ತು.

"ಇದು ಮೋಸ. ಕವಣಿ ಬೀಸಿದಂಗ ಬೀಸ್ಯಾಳ," ಎಂದರು ದೊಡ್ಡಪ್ಪ.

"ಹಿಂಗ ಒಗೀಬಾರ್ದಂತ ನಾನೇನು ಹೇಳಿದ್ದಿಲ್ಲ. ಹೋಗಿ ಹಿಟ್ಟು ನಾದ್ರಿ," ಎಂದರು ಸಿದ್ದಣ್ಣ.

ಈಗ ದೊಡ್ಡವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಾಳೆ. ದೊಡ್ಡಪ್ಪ ಬಡಿದ ಮೊದಲ ರೊಟ್ಟಿ ನನ್ನ ತಟ್ಟೆಗೆ ಬಂದಿದೆ. ಥೇಟ್ ಬೂಟಿನ ಅಟ್ಟೆ.

"ಹೆಂಗ ಆಗೇತಲೇ?" ಎಂದು ಕೇಳಿದರು. ದಾರ ಒಂದೇ ಕಡಿಮೆ ಎನ್ನಲು ನನಗೆ ಧೈರ್ಯ ಬರಲಿಲ್ಲ. ಅದಕ್ಕೇ ಇಲ್ಲಿ ಬರೆದೆ.