ಲೋಮಾ ಮಾತಾಡಿದವಳು

ಬಚ್ಚ ಮಾವ ನನ್ನ ಅಮ್ಮನ ಅಣ್ಣ. ಅವನಿಗೆ ಬಹುವಚನ ಕೊಡಲು ಈಗ ನನ್ನ ನಾಲಗೆ ಒಪ್ಪುವುದಿಲ್ಲ, ಕ್ಷಮಿಸಿ. ಇಪ್ಪತ್ತಾರು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿದವ. ಜೊತೆಗಿದ್ದ ಕೆಲಸಗಾರನೊಬ್ಬ ನೋವು ಎಲ್ಲಿ ಎಂದು ಯಾರಿಗೂ ತಿಳಿಸಲಾಗದೆ ಸತ್ತದ್ದನ್ನು ಕಣ್ಣಾರೆ ಕಂಡವ. ಕುಂಭಾಶಿಗೆ ಬಂದು ಕೂತ ಮೇಲೆ, ಲೋಕದವರೆಲ್ಲ ಮೂರು ತಿಂಗಳಲ್ಲಿ ಕಲಿಯುವಂಥ ಭಾಷೆಯೊಂದನ್ನು ಕಟ್ಟುತ್ತೇನೆಂದು ಹಟ ಹಿಡಿದ. ಅದಕ್ಕೆ ಲೋಮಾ ಎಂದು ಹೆಸರಿಟ್ಟ. ಲಿಂಗವಿಲ್ಲ, ಕ್ರಿಯಾಪದ ಬದಲಾಗುವುದಿಲ್ಲ, ಒಟ್ಟು ಇಪ್ಪತ್ತೊಂದೇ ನಿಯಮ. ಅದರ ಪುಸ್ತಕ ಟೈಪ್ ಮಾಡಿದ್ದು ನಾನು, ತಲೆಗೆ ಮಾತ್ರ ಹತ್ತಲಿಲ್ಲ.

ಕಲಿತದ್ದು ಸೀತಕ್ಕ. ಮರವಂತೆಯಿಂದ ಬಸ್ಸಿನಲ್ಲಿ ಮೀನು ತರುವವಳು, ಓದಿದ್ದು ನಾಲ್ಕನೇ ಕ್ಲಾಸು. ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅವಳು ಬಂಗುಡೆ ಕೊಯ್ಯುವಾಗ ಮಾವ ಒಳಗೆ ಕುರ್ಚಿ ಹಾಕಿಕೊಂಡು ಪಾಠ ಹೇಳುತ್ತಿದ್ದ. ಎರಡೇ ತಿಂಗಳಲ್ಲಿ ಸರಾಗ ಮಾತಾಡಿದಳು. ಕಾಲ ತಿಳಿಸುವ ಪದವನ್ನು ಮಾವ ವಾಕ್ಯದ ಕೊನೆಗೆ ಇಟ್ಟಿದ್ದ. ಯಾವತ್ತಿನ ಮೀನೆಂದು ಮೊದಲು ಹೇಳಬೇಕು, ಮೀನಿನ ಹೆಸರು ಆಮೇಲೆ, ಇಲ್ಲದಿದ್ದರೆ ಯಾರು ನಂಬುತ್ತಾರೆ ಎಂದು ಅವಳೇ ಅದನ್ನು ಮುಂದಕ್ಕೆ ತರಿಸಿದಳು. ಅದೇ ಒಂಬತ್ತನೇ ನಿಯಮವಾಯಿತು. ಪುಸ್ತಕದಲ್ಲಿ ಎಲ್ಲಿಯೂ ಅವಳ ಹೆಸರಿಲ್ಲ. ಥೂ.

ಕಳೆದ ತಿಂಗಳು, ಇಂಥ ಭಾಷೆ ಕಟ್ಟುವವರ ಕೂಟವೊಂದು, ಲೋಮಾ ಮಾತಾಡುವವರೊಬ್ಬರನ್ನು ವೀಡಿಯೋ ಕಾಲ್‌ನಲ್ಲಿ ತೋರಿಸಿ ಎಂದಿತು. ಮಾವನನ್ನು ಬಿಟ್ಟರೆ ಇದ್ದದ್ದು ಸೀತಕ್ಕ ಒಬ್ಬಳೇ. ಅದು ಅವಳಿಗೂ ಗೊತ್ತಿತ್ತು. ಅವತ್ತು ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದಳು. ಮಾವ ಅವಳನ್ನು ಹಿಂಬಾಗಿಲಲ್ಲೇ ಕೂರಿಸಿ, ತನ್ನ ಅಳಿಯ ರೂಪೇಶನಿಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಸಿ, ಕೈಗೆ ಕಾಗದ ಕೊಟ್ಟು ಓದಿಸಿದ. ಮೀನಿನವಳನ್ನು ಚಾವಡಿಯಲ್ಲಿ ಕೂರಿಸಿದರೆ ನೋಡಿದವರು ಏನೆಂದಾರು ಎಂದು ನನ್ನ ಕಿವಿಯಲ್ಲಿ ಹೇಳಿದ. ನೋಡುವವರು ಇದ್ದದ್ದು ಹಾಲೆಂಡಿನಲ್ಲಿ, ಮಾರಾಯ್ರೆ.

ಪುಸ್ತಕ ನೋಡಿ ತುಸು ಲೋಮಾ ಕಲಿತಿದ್ದ ಅಲ್ಲಿಯ ಹೆಂಗಸು ರೂಪೇಶನಿಗೆ ಏನೋ ಪ್ರಶ್ನೆ ಕೇಳಿದಳು. ಅವ ಕೈಯಲ್ಲಿದ್ದ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. ಹಿಂಬಾಗಿಲಿನಿಂದ ಸೀತಕ್ಕ ಗಟ್ಟಿಯಾಗಿ ಲೋಮಾದಲ್ಲೇ ಉತ್ತರ ಕೊಟ್ಟಳು. ಆ ಹೆಂಗಸಿನ ಮುಖ ಅರಳಿತು, ಯಾರದು ಎಂಬಂತೆ ಕತ್ತು ಚಾಚಿದಳು. ಮಾವ ನಗುತ್ತಾ ಲೋಮಾದಲ್ಲಿ ಏನೋ ಹೇಳಿ, ಮೈಕ್ ಬಂದ್ ಮಾಡು ಎಂದು ನನಗೆ ಸನ್ನೆ ಮಾಡಿದ. ನಾನೂ ಮಾಡಿದೆ. ಆ ಹೇಸಿಗೆ ನನ್ನ ಕೈಗೂ ಹತ್ತಿದೆ.

ಹಿಂದೆ ಹೋದಾಗ ಸೀತಕ್ಕ ಬುಟ್ಟಿಯನ್ನು ತಲೆಗೇರಿಸುತ್ತಿದ್ದಳು. ಮಾವ ಎಂತ ಹೇಳಿದ್ದು ಎಂದು ಕೇಳಿದೆ.

"ಅದ್ ಮನ್ಷರಲ್ಲ, ಮೊಬೈಲ್ ಅಂದ್ರ್."