ಮಷೀನಿಗೆ ಹಚ್ಚಿದ ಟಿಕಳಿ

ಅಮೆರಿಕದಲ್ಲಿ, ಕ್ರ್ಯಾನ್‌ಬರಿ ಎಂಬ ಊರಿನ ಹತ್ತಿರ, ಬಾಟಲಿ ಮುಚ್ಚಳ ಮಾಡುವ ಫ್ಯಾಕ್ಟರಿಯಲ್ಲಿ ನಾನು ಬಹಳ ವರ್ಷ ದುಡಿದೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಜೊತೆಗೆ ಕೆಲಸ ಮಾಡುವ ಮಂಗಳೂರಿನ ಗೆಳತಿ ಬೆಳಿಗ್ಗೆ ಮನೆಮುಂದೆ ನಿಂತು ಹಾರ್ನ್ ಹೊಡೆಯುತ್ತಿದ್ದಳು. ಊಟಕ್ಕೂ ನಾವಿಬ್ಬರೇ. ಡಬ್ಬಿ ತೆರೆಯುವ ಮೊದಲು, ಮೀನು ತಿನ್ನದ ನನ್ನನ್ನು ಛೇಡಿಸಲು, "ಮೂಗು ಮುಚ್ಚಿಕೊಳ್ಳಿ ಸ್ವಾಮಿಗಳೇ, ಬಂಗುಡೆ ಉಂಟು" ಅನ್ನುತ್ತಿದ್ದಳು. ಮಗಳ ಮನೆಯಲ್ಲಿ ಇಡೀ ದಿನ ಆಡದಷ್ಟು ಮಾತನ್ನು ಆ ಅರ್ಧ ಗಂಟೆಯಲ್ಲಿ ಆಡುತ್ತಿದ್ದೆ.

ಹೋದ ವರ್ಷ ಕಂಪನಿಯವರು ಕೆಲಸವನ್ನೆಲ್ಲ ಪೋಲೆಂಡಿಗೆ ಒಯ್ಯುತ್ತೇವೆಂದರು. ಅಲ್ಲಿಂದ ಒಬ್ಬ ಹೆಂಗಸು ಕಲಿಯಲು ಬಂದಳು. ಕಲಿಸೆಂದು ಸೂಪರ್‌ವೈಸರ್ ನನಗೇ ಹೇಳಿದ. ಕಲಿಸಿದೆ. ಊಟದ ಹೊತ್ತಿಗೆ ಅವಳು ಬ್ರೆಡ್ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ನಮ್ಮ ಟೇಬಲಿಗೆ ಕರೆದೆ.

ಗೆಳತಿ ಡಬ್ಬಿ ಮುಚ್ಚಿದಳು. "ಎಂತ ಮಾರಾಯ್ತಿ, ನಮ್ಮ ಅನ್ನ ತೆಗೆಯಲಿಕ್ಕೆ ಬಂದವಳಿಗೆ ನೀನೇ ಮಣೆ ಹಾಕುವುದಾ?"

"ಆಕಿ ಏನ್ ಮಾಡ್ಯಾಳ? ಒಯ್ಯಾವ್ರು ಕಂಪನಿಯವ್ರು."

"ಹಾಗಾದ್ರೆ ನಾಳೆಯಿಂದ ನಿನ್ನನ್ನು ಅವಳೇ ಕರ್ಕೊಂಡು ಬರಲಿ."

ಪೋಲೆಂಡಿನವಳಿಗೂ ಇಲ್ಲಿ ಕಾರಿರಲಿಲ್ಲ. ಮರುದಿನ ಹಾರ್ನ್ ಕೇಳಲಿಲ್ಲ. ಅಳಿಯ ಗೊಣಗುತ್ತ ಬಿಟ್ಟುಬಂದ.

ಆಯುಧಪೂಜೆಗೆ ನಾನು ಮಷೀನಿನ ಬದಿಗೆ ಹಚ್ಚಿದ್ದ ಟಿಕಳಿಯನ್ನು ಪೋಲೆಂಡಿನವಳು ನೋಡಿ ಏನೆಂದು ಕೇಳಿದಳು. ನನ್ನ ಹಣೆ ತೋರಿಸಿ, ಕೈ ಮುಗಿದು ತೋರಿಸಿದೆ. ಇಬ್ಬರದೂ ಹರಕುಮುರುಕು ಇಂಗ್ಲಿಷ್. ಅವಳ ತಾಯಿಯೂ ಕಮ್ಯುನಿಸ್ಟರ ಕಾಲದ ಸರಕಾರಿ ಫ್ಯಾಕ್ಟರಿಯಲ್ಲಿ, ಮೇಲಿನವರಿಗೆ ಕಾಣದ ಹಾಗೆ, ಮಷೀನಿನ ಹಿಂದೆ ಮೇರಿ ಮಾತೆಯ ಚಿತ್ರ ಸಿಕ್ಕಿಸಿದ್ದಳಂತೆ. ಸರಕಾರ ಬದಲಾದ ಮೇಲೆ ಫ್ಯಾಕ್ಟರಿ ಮುಚ್ಚಿ ಮಷೀನುಗಳನ್ನು ಗುಜರಿಗೆ ಹಾಕಿದರಂತೆ.

"ತಾಯಿ ಆ ಚಿತ್ರವನ್ನು ಮನೆಗೆ ತಂದಳು. ಆಮೇಲೆ ಅವಳಿಗೆ ಕೆಲಸ ಸಿಗಲಿಲ್ಲ," ಎಂದಳು.

ನಾನು ಸಮಾಧಾನ ಹೇಳಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಕೊನೆಯ ವಾರ, ಪೋಲೆಂಡಿಗೆ ಕಳಿಸಲು, ಮಷೀನಿನ ಸುತ್ತ ಹಲಗೆ ಬಡಿಯುತ್ತಿದ್ದರು. ಅಷ್ಟು ದಿನ ಬಾಯಿ ಬಿಡದ ಗೆಳತಿ ಬಂದು ಪಕ್ಕದಲ್ಲಿ ನಿಂತಳು.

"ಬೊಟ್ಟನ್ನೂ ಪಾರ್ಸೆಲ್ ಮಾಡುವುದಾ? ತೆಗಿ. ತೆಗೆದು ಬಾ, ಕಾರಲ್ಲಿ ಹೋಗುವ."

"ಇರ್ಲಿ ಬಿಡು. ಅಲ್ಲೂ ಈ ಮಷೀನು ಕೆಲಸಾ ಮಾಡಬೇಕಲ್ಲ."

ಅವಳು ಒಬ್ಬಳೇ ಹೋದಳು.

ಈಗಲೂ ಫ್ಯಾಕ್ಟರಿಯ ಊಟದ ಹೊತ್ತಿಗೇ ನನಗೆ ಹಸಿವಾಗುತ್ತದೆ. ಆಗ ಮನೆಯಲ್ಲಿ ಯಾರೂ ಇರುವುದಿಲ್ಲ. ರೊಟ್ಟಿ ಬಿಸಿ ಮಾಡಿಕೊಂಡು ತಿನ್ನುತ್ತೇನೆ. ಗೆಳತಿ ಫೋನ್ ಮಾಡಿಲ್ಲ, ನಾನೂ ಮಾಡಿಲ್ಲ. ಬೆಳಿಗ್ಗೆ ಹಾರ್ನ್ ಕೇಳಿದರೆ ಏಳುತ್ತೇನೆ. ಪಕ್ಕದ ಮನೆಯವರದು.